ಮಾಲ್ಟಾ ದ್ವೀಪವೂ ಅಲ್ಲಿಯ ಜನರ ನುಡಿಯೂ

ಶಾಲೆಯ ಸ್ಮರಣ ಸಂಚಿಕೆಗೆ ಒಂದು ಲೇಖನವನ್ನು ಕಳುಹಬೇಕೆಂದು ಸಂಪಾದಕ ಮಂಡಲಿಯವರಿಂದ ಅಪ್ಪಣೆಯಾದಾಗ ನಮ್ಮ ಮನಸ್ಸು ಸಹಜವಾಗಿಯೇ ಮಾಲ್ಟಾ ದ್ವೀಪದ ಕಡೆಗೆ ಹೋಯಿತು. ಯಜಮಾನರ ಉದ್ಯೋಗದ ನಿಮಿತ್ತವಾಗಿ ನಾವು ಮೂರು ವರ್ಷ ಅಲ್ಲಿ ಸಂಸಾರ ಹೂಡಿದ್ದೆವು. ನಮ್ಮ ಶಾಲೆಯಲ್ಲಿ ಓದಿದವರಿಗೆ ಈ ದ್ವೀಪವು ತೀರ ಅಪರಿಚಿತವಾದುದಲ್ಲ. ರೋಮಾಪುರಕ್ಕೆ ಸೆರೆಯವನಾಗಿ ಹೋಗುತ್ತಿದ್ದ ಪೌಲನ ಹಡಗು ಬಿರುಗಾಳಿಗೆ ಸಿಕ್ಕಿ ಒಡೆದುದನ್ನೂ, ಮಳೆಚಳಿಗಳಲ್ಲಿ ನಡುಗುತ್ತಿದ್ದ ಪರದೇಶಿಗಳಿಗೆ ದ್ವೀಪದವರು ಬೆಂಕಿ ಹೊತ್ತಿಸಿ ಆದರಿಸಿದುದನ್ನೂ ಅಪೊಸ್ತಲರ ಕೃತ್ಯಗಳಲ್ಲಿ ಓದಿದ್ದೇವೆ. ಅಲ್ಲಿ ಮೆಲೀತೆಯೆಂದು ಕರೆಯಲ್ಪಟ್ಟ ದ್ವೀಪವು ತಮ್ಮದೇ ಎಂದು ಮಾಲ್ಟಾದವರು ದೃಢವಾಗಿ ನಂಬಿ, ಪ್ರತಿವರ್ಷ ಫೆಬ್ರವರಿ ೧೦ರಂದು ಅದರ ಹಬ್ಬವನ್ನು ಆಚರಿಸುತ್ತಾರೆ.

ಸಿಸಿಲಿಯ ದಕ್ಷಿಣಕ್ಕೆ ಸುಮಾರು ೯೦ ಕಿಲೋಮೀಟರು ದೂರದಲ್ಲಿ, ಮೆಡಿಟರೇನಿಯನ್ ಸಮುದ್ರದ ನಟ್ಟನಡುವೆ, ಈ ದೇಶವಿದೆ. ಮಾಲ್ಟಾ, ಗೋಜೋ, ಕೊಮಿನೋ ಎಂಬ ದ್ವೀಪಗಳೆಲ್ಲ ಸೇರಿದರೂ ವಿಸ್ತೀರ್ಣವು ೩೧೬ ಚದರ ಕಿಲೋಮೀಟರು ಮಾತ್ರ. ನಮ್ಮ ನಾಡಿನ ಎಷ್ಟೋ ತಾಲೂಕುಗಳು ಇದಕ್ಕಿಂತ ದೊಡ್ಡವು. ಆದರೂ ೨೦೨೧ರ ಜನಗಣತಿಯಲ್ಲಿ ೫ ಲಕ್ಷಕ್ಕೆ ಮೇಲ್ಪಟ್ಟು ಜನರಿದ್ದರು.

ಅಲ್ಲಿ ನದಿಯೆಂಬುದು ಒಂದೂ ಇಲ್ಲ. ನೇತ್ರಾವತಿಯ ತೀರದಲ್ಲಿ ಬೆಳೆದ ನಮಗೆ ಇದು ಮೊದಮೊದಲು ನಂಬಲಾಗದ ಸಂಗತಿಯಾಗಿ ತೋರಿತು. ಮಳೆಯು ವರ್ಷಕ್ಕೆ ಸುಮಾರು ೫೫೦ ಮಿಲಿಮೀಟರು. ಅದೂ ಬಹುಮಟ್ಟಿಗೆ ಚಳಿಗಾಲದಲ್ಲಿಯೇ ಬೀಳುವುದು. ಆದುದರಿಂದ ೧೫೬೬ರಲ್ಲಿ ವಲೆಟ್ಟಾ ಪಟ್ಟಣವನ್ನು ಕಟ್ಟತೊಡಗಿದಾಗ, ಪ್ರತಿಯೊಂದು ಮನೆಯೂ ಬಂಡೆಯಲ್ಲಿ ತೊಟ್ಟಿಯನ್ನು ಕೊರೆಯಿಸಿ ಮಳೆನೀರನ್ನು ಹಿಡಿದಿಡತಕ್ಕದ್ದೆಂದು ಕಟ್ಟಳೆ ಮಾಡಿದರು. ಈಗ ಕುಡಿಯುವ ನೀರಿನ ಅರ್ಧಕ್ಕಿಂತ ಹೆಚ್ಚು ಪಾಲನ್ನು ಸಮುದ್ರದ ನೀರಿನ ಉಪ್ಪನ್ನು ಯಂತ್ರಗಳಿಂದ ಕಳೆದು ಪಡೆಯುತ್ತಾರೆ.

ಮನೆಗಳೆಲ್ಲ ಜೇನುಬಣ್ಣದ ಸುಣ್ಣಕಲ್ಲಿನವು. ಮಹಡಿಯಿಂದ ಬೀದಿಯ ಕಡೆಗೆ ಚಾಚಿಕೊಂಡಿರುವ, ಬಣ್ಣ ಬಳಿದ ಮರದ ಮುಚ್ಚುಮೊಗಸಾಲೆಗಳು ಬಹು ಅಂದವಾಗಿರುತ್ತವೆ. ರೊಟ್ಟಿಯವನು ಬಂದಾಗ ಗೃಹಿಣಿಯರು ಅಲ್ಲಿಂದ ಹಗ್ಗಕ್ಕೆ ಕಟ್ಟಿದ ಬುಟ್ಟಿಯನ್ನು ಇಳಿಬಿಡುವರು. ನಾವೂ ಒಂದು ತಿಂಗಳೊಳಗಾಗಿ ಈ ವಿದ್ಯೆಯನ್ನು ಕಲಿತೆವು. ಆ ರೊಟ್ಟಿಗೆ ಟೊಮೇಟೊ ಹಣ್ಣನ್ನು ಉಜ್ಜಿ, ಆಲಿವ್ ಎಣ್ಣೆ ಸುರಿದು ತಿನ್ನುವುದೇ ಅವರ ಮೆಚ್ಚಿನ ತಿಂಡಿ. ಬೇಸಗೆ ಬಂತೆಂದರೆ ಊರೂರಿನ ದೇವಾಲಯದ ಉತ್ಸವ. ವಾದ್ಯ, ದೀಪಾಲಂಕಾರ, ಬಾಣಬಿರುಸುಗಳ ಗದ್ದಲದಲ್ಲಿ ನಮ್ಮೂರಿನ ಜಾತ್ರೆಯೇ ಕಣ್ಣಮುಂದೆ ಬರುತ್ತಿತ್ತು.

ಆದರೆ ನಮ್ಮನ್ನು ಎಲ್ಲಕ್ಕಿಂತ ಹೆಚ್ಚಾಗಿ ಆಕರ್ಷಿಸಿದುದು ಆ ಜನರ ನುಡಿ. ಕ್ರಿ. ಶ. ೮೭೦ರಲ್ಲಿ ದ್ವೀಪವು ಅರಬರ ವಶವಾಯಿತು. ಅವರ ತರುವಾಯ ನಾರ್ಮನರು, ಸಿಸಿಲಿಯ ಅರಸರು, ಸಂತ ಯೋಹಾನನ ಸಂಘದ ವೀರರು, ಫ್ರೆಂಚರು, ಇಂಗ್ಲಿಷರು ಒಬ್ಬರಾದ ಮೇಲೊಬ್ಬರು ಆಳಿದರು. ಆಳುವವರ ಭಾಷೆ ಬದಲಾಗುತ್ತ ಹೋದರೂ ಅರಬ್ಬಿಯಿಂದ ಹುಟ್ಟಿದ ಮನೆಮಾತು ಅಳಿಯಲಿಲ್ಲ. ಇಟಾಲಿಯನ್ ಭಾಷೆಯಿಂದ ಸಾವಿರಾರು ಶಬ್ದಗಳನ್ನು ತೆಗೆದುಕೊಂಡು ಬೆಳೆಯಿತು. ಇದನ್ನು ಬರೆಯುವುದು ರೋಮನ್ ಲಿಪಿಯಲ್ಲಿ. ಕ್ರೈಸ್ತರಾದ ಆ ಜನರು ದೇವರನ್ನು ‘ಅಲ್ಲಾ’ ಎಂದೇ ಕರೆಯುತ್ತಾರೆ. ಈಸ್ಟರಿಗೆ ಮೊದಲಿನ ಉಪವಾಸಕಾಲವನ್ನು ‘ರಂದಾನ್’ ಎನ್ನುತ್ತಾರೆ. ಪುಸ್ತಕಕ್ಕೆ ‘ಕ್ತೀಬ್’, ಲೋಕಕ್ಕೆ ‘ದಿನ್ಯಾ’, ನ್ಯಾಯಕ್ಕೆ ‘ಹಕ್’ ಎಂಬ ಮಾತುಗಳನ್ನು ಕೇಳಿದಾಗ, ನಮ್ಮ ಪೇಟೆಬೀದಿಯ ಕಿತಾಬು, ದುನಿಯಾ, ಹಕ್ಕುಗಳು ನೆನಪಾಗಿ ನಮಗೆ ನಗೆ ಬಂತು. ಇವೆಲ್ಲ ಅರಬ್ಬಿಯೆಂಬ ಒಂದೇ ಬೇರಿನಿಂದ ಎರಡು ದಿಕ್ಕುಗಳಿಗೆ ಹೋದ ಶಬ್ದಗಳು.

ಈ ನುಡಿಗೆ ಮನ್ನಣೆಯು ಸುಲಭವಾಗಿ ದೊರೆಯಲಿಲ್ಲ. ಬಹುಕಾಲ ನ್ಯಾಯಸ್ಥಾನ, ವಿದ್ಯಾಲಯಗಳಲ್ಲಿ ಇಟಾಲಿಯನ್ನಿಗೇ ಗೌರವ. ಮಾಲ್ಟೀಸು ಅಡಿಗೆಮನೆಯ ಮಾತೆಂದು ತಿರಸ್ಕೃತವಾಗಿತ್ತು. ಮಿಕಿಯೆಲ್ ಆಂಟನ್ ವಸ್ಸಲ್ಲಿ ಎಂಬ ವಿದ್ವಾಂಸನು ೧೭೯೬ರಲ್ಲಿ ಅದಕ್ಕೊಂದು ನಿಘಂಟನ್ನು ರಚಿಸಿ, ಜನಸಾಮಾನ್ಯರಿಗೆ ವಿದ್ಯೆಯು ಅವರ ಮಾತಿನಲ್ಲಿಯೇ ಲಭಿಸಬೇಕೆಂದು ವಾದಿಸಿದನು. ರಾಜಕೀಯ ಕಾರಣಗಳಿಂದ ಅನೇಕ ವರ್ಷ ದೇಶಭ್ರಷ್ಟನಾಗಿದ್ದು, ಮುಪ್ಪಿನಲ್ಲಿ ಸುವಾರ್ತೆಗಳನ್ನು ಮಾಲ್ಟೀಸಿಗೆ ತಿರುಗಿಸಿ, ೧೮೨೯ರಲ್ಲಿ ತೀರಿಕೊಂಡನು. ೧೮೯೪ರಲ್ಲಿ ಮಂಗಳೂರಿನಿಂದ ಪ್ರಕಟವಾದ ಕಿಟ್ಟೆಲರ ನಿಘಂಟನ್ನು ಬಲ್ಲ ನಮಗೆ ಇಂಥ ಪರಿಶ್ರಮದ ಬೆಲೆ ತಿಳಿಯದೆ ಇರದು. ಮುಂದೆ ದುನ್ ಕಾರ್ಮ್ ಎಂಬ ಪಾದ್ರಿಕವಿಯು, ಮೊದಲು ಇಟಾಲಿಯನ್ನಿನಲ್ಲಿ ಬರೆಯುತ್ತಿದ್ದವನು, ೧೯೧೨ರಿಂದ ತಾಯ್ನುಡಿಗೆ ತಿರುಗಿದನು. ದೇಶದ ರಾಷ್ಟ್ರಗೀತೆಯು ಅವನದೇ. ೧೯೩೪ರಲ್ಲಿ ಮಾಲ್ಟೀಸು ರಾಜಭಾಷೆಯ ಪದವಿಯನ್ನು ಪಡೆಯಿತು. ೨೦೦೪ರಲ್ಲಿ ದೇಶವು ಯೂರೋಪಿಯನ್ ಒಕ್ಕೂಟವನ್ನು ಸೇರಿದಾಗ, ಅಲ್ಲಿಯೂ ಅಧಿಕೃತ ಭಾಷೆಗಳಲ್ಲೊಂದಾಯಿತು.

ನಮ್ಮ ವಿದ್ಯಾರ್ಥಿನಿಯರು ಇನ್ನೊಂದು ಸಂಗತಿಯನ್ನೂ ಅರಿಯಬೇಕು. ಆ ದೇಶದ ಸ್ತ್ರೀಯರು ಮೊದಲ ಬಾರಿ ಮತ ಕೊಟ್ಟುದು ೧೯೪೭ರಲ್ಲಿ. ಅದೇ ವರ್ಷ ಅಗಾಥಾ ಬಾರ್ಬರಾ ಎಂಬ ಶಾಲಾ ಉಪಾಧ್ಯಾಯಿನಿಯು ಶಾಸನಸಭೆಗೆ ಆರಿಸಿ ಬಂದಳು. ೧೯೫೫ರಲ್ಲಿ ವಿದ್ಯಾಮಂತ್ರಿಣಿಯಾಗಿ, ೧೯೮೨ರಲ್ಲಿ ರಾಷ್ಟ್ರಾಧ್ಯಕ್ಷೆಯಾದಳು.

ಇನ್ನು ನಮ್ಮ ಮನೆಯ ಮಾತು. ನಮ್ಮ ಕಿರಿಯ ಮಗಳು ಎಂಟು ವರ್ಷದವಳು. ಅಲ್ಲಿಯ ಶಾಲೆಗೆ ಸೇರಿದ ಮೇಲೆ ಇಂಗ್ಲಿಷಿನ ಹೊರತು ಬೇರೇನನ್ನೂ ಆಡಲೊಲ್ಲಳು. ನಾವೂ ಅದನ್ನು ಹೆಮ್ಮೆಯಿಂದಲೇ ನೋಡುತ್ತಿದ್ದೆವೆಂದು ಒಪ್ಪಿಕೊಳ್ಳಬೇಕು. ಒಂದು ಸಂಜೆ ಮನೆಯೊಡತಿಯಾದ ವೃದ್ಧೆಯು ಅವಳನ್ನು ಹತ್ತಿರ ಕರೆದು, “ಮಗೂ, ನಿಮ್ಮ ಅಜ್ಜಿಯ ಭಾಷೆ ಯಾವುದು?” ಎಂದು ಕೇಳಿದಳು.

“ಕನ್ನಡ. ನನಗೆ ಅದು ಸರಿಯಾಗಿ ಬರುವುದಿಲ್ಲ.”

ವೃದ್ಧೆಯು ನಮ್ಮ ಕಡೆಗೆ ತಿರುಗಿ, “ಹಾಗಾದರೆ ಇವಳು ಅಜ್ಜಿಯೊಡನೆ ಹೇಗೆ ಮಾತನಾಡುತ್ತಾಳಮ್ಮ?” ಎಂದಳು. ನಮ್ಮಲ್ಲಿ ಉತ್ತರವಿರಲಿಲ್ಲ. ಆಗ ಆಕೆಯು ತನ್ನ ತಾತನ ವೃತ್ತಾಂತವನ್ನು ಹೇಳಿದಳು: ಅವನ ಹೊಲದ ವ್ಯಾಜ್ಯವು ನ್ಯಾಯಸ್ಥಾನದಲ್ಲಿ ಇಟಾಲಿಯನ್ನಿನಲ್ಲಿ ನಡೆಯಿತಂತೆ, ತಾನು ಗೆದ್ದೆನೋ ಸೋತೆನೋ ಎಂಬುದನ್ನು ಆ ಮುದುಕನು ಹೊರಗೆ ಬಂದು ಬೇರೆಯವರಿಂದ ಕೇಳಿ ತಿಳಿಯಬೇಕಾಯಿತಂತೆ.

ಅಂದಿನ ರಾತ್ರಿಯಿಂದ ನಮ್ಮ ಮನೆಯಲ್ಲಿ ಊಟದ ಹೊತ್ತಿಗೆ ಕನ್ನಡವೇ ಎಂದು ನೇಮ ಮಾಡಿದೆವು. ಮಗುವು ಅತ್ತಿತು, ಮುನಿಯಿತು, ನಾವು ಬಿಡಲಿಲ್ಲ. ಅಕ್ಷರ ತಿದ್ದಿಸುವಾಗ, ಒತ್ತಕ್ಷರ ತಪ್ಪಿದರೆ ಹತ್ತು ಸಲ ಬರೆಯಿಸುತ್ತಿದ್ದ ನಮ್ಮ ಶಾಲೆಯ ಕನ್ನಡ ಪಂಡಿತರನ್ನು, ಅಂದು ಅವರ ಮೇಲೆ ಗೊಣಗಿದ ನಾವು, ಕೃತಜ್ಞತೆಯಿಂದ ನೆನೆದೆವು. ಆರು ತಿಂಗಳ ತರುವಾಯ ಅವಳು ಅಜ್ಜಿಗೆ ನಾಲ್ಕು ಸಾಲಿನ ಕಾಗದವನ್ನು ಬರೆದಳು. ತಪ್ಪುಗಳು ಬೇಕಾದಷ್ಟಿದ್ದವು. ಅತ್ತೆಯವರು ಆ ಕಾಗದವನ್ನು ಇಂದಿಗೂ ತಮ್ಮ ಬೈಬಲಿನೊಳಗೆ ಇಟ್ಟುಕೊಂಡಿದ್ದಾರೆ.

ದೂರದೇಶಗಳಲ್ಲಿ ನೆಲಸಿರುವ ಹಳೆಯ ವಿದ್ಯಾರ್ಥಿನಿಯರೂ, ಮಕ್ಕಳನ್ನು ಕಳುಹಿಸಲಿರುವ ತಾಯಿತಂದೆಗಳೂ ಈ ಸಂಚಿಕೆಯನ್ನು ಓದುವರೆಂದು ಬಲ್ಲೆವು. ನೀರಿಲ್ಲದ ಬಂಡೆಯ ಮೇಲೆ ಹನಿಹನಿಯನ್ನು ಕೂಡಿಸಿ ಬಾಳಿದ ಆ ಸಣ್ಣ ಜನಾಂಗವು ತನ್ನ ನುಡಿಯನ್ನೂ ಹಾಗೆಯೇ ಕಾಪಾಡಿಕೊಂಡಿತು. ನಮ್ಮ ಮನೆಗಳಲ್ಲಿಯೂ ದಿನಕ್ಕೊಂದು ಹೊತ್ತು ಕನ್ನಡಕ್ಕೆ ಮೀಸಲಾಗಿರಲೆಂದು ಸವಿನಯವಾಗಿ ಬಿನ್ನವಿಸುತ್ತೇವೆ.