ಕಲ್ಲಿನ ಚಕ್ಕೆ ಓದಿದ ಬ್ರಿಜೆಟ್

ರಾಯಚೂರು ಜಿಲ್ಲೆಯ ಮುದಗಲ್ಲಿನ ಹತ್ತಿರ ಪಿಕಳಿಹಾಳ ಎಂಬ ಊರು. ಒಂದರ ಮೇಲೊಂದು ಕೂತ ಹೆಬ್ಬಂಡೆಗಳು, ಬಂಡೆಗಳ ಸಂದಿನಲ್ಲಿ ತಣ್ಣನೆಯ ನೆರಳು, ಹೊರಗೆ ಕಣ್ಣು ಬಿಡಲಾಗದ ಬಿಸಿಲು. ನೆರಳಿನಲ್ಲಿ ತುಸು ಹೊತ್ತು ನಿಂತರೆ ಕಲ್ಲಿನ ಮೈಮೇಲೆ ದನಗಳು ಕಾಣತೊಡಗುತ್ತವೆ: ಇಣಿ ಎತ್ತಿದವು, ಉದ್ದ ಕೊಂಬಿನವು, ಕೆಲವು ಬಣ್ಣದಲ್ಲಿ ಬರೆದವು, ಕೆಲವು ಕಲ್ಲಿನಿಂದ ಕಲ್ಲನ್ನು ಕುಟ್ಟಿ ಮೂಡಿಸಿದವು. ನವಶಿಲಾಯುಗದ ದನಗಾಹಿಗಳು ಬಾಳಿದ ಜಾಗ ಇದು.

1950ರ ದಶಕದ ಆರಂಭದಲ್ಲಿ ಇಲ್ಲಿ ಉತ್ಖನನ ನಡೆಸಿದವರು ಇಂಗ್ಲೆಂಡಿನ ರೇಮಂಡ್ ಆಲ್ಚಿನ್. 1951ರಲ್ಲಿ ಅವರ ಕೈಹಿಡಿದು, ಅದೇ ವರ್ಷ ಜೊತೆಯಲ್ಲೇ ಭಾರತಕ್ಕೆ ಬಂದವರು ಬ್ರಿಜೆಟ್ ಆಲ್ಚಿನ್. ಆ ಮೊದಲ ಪಯಣವನ್ನು ಕುರಿತು ದಂಪತಿ ಬರೆದ ಪುಸ್ತಕದ ಹೆಸರಿನಲ್ಲಿ ಮೈಸೂರೂ ಇದೆ.

ಬ್ರಿಜೆಟ್ ಹುಟ್ಟಿದ್ದು 1927ರಲ್ಲಿ, ಆಕ್ಸ್‌ಫರ್ಡಿನಲ್ಲಿ. ಲಂಡನ್ನಿನಲ್ಲಿ ಒಂದು ವರ್ಷ ಓದುವಷ್ಟರಲ್ಲಿ ತಂದೆತಾಯಿ ಬೇಸಾಯಕ್ಕೆಂದು ಆಫ್ರಿಕದ ಬಸುಟೊಲ್ಯಾಂಡಿಗೆ, ಅಂದರೆ ಇಂದಿನ ಲೆಸೊಥೊಗೆ, ಹೊರಟರು. ಮಗಳೂ ಓದು ಬಿಟ್ಟು ಹೋದರು. ಅಲ್ಲಿನವರ ಸೆಸೊಥೊ ಭಾಷೆ ಕಲಿತರು, ವಿಮಾನ ಹಾರಿಸುವುದನ್ನೂ ಕಲಿತರು. ಆಮೇಲೆ ಕೇಪ್‌ಟೌನಿನಲ್ಲಿ ಮಾನವಶಾಸ್ತ್ರ, ಪುರಾತತ್ತ್ವ ಎರಡನ್ನೂ ಒಟ್ಟಿಗೆ ಓದಿದರು. ಇಂದು ಬದುಕಿರುವವರನ್ನು ನೋಡಿ ಅಂದು ಬದುಕಿದ್ದವರನ್ನು ಅರಿಯುವ ಅವರ ರೀತಿಗೆ ಬೇರು ಇಲ್ಲಿಯೇ.

ನಮ್ಮಲ್ಲಿ ಚರಿತ್ರೆಯೆಂದರೆ ಶಾಸನ, ರಾಜ, ದೇವಾಲಯ. ಬ್ರಿಜೆಟ್ ಆರಿಸಿಕೊಂಡಿದ್ದು ಹೊಲದಲ್ಲಿ ಕಾಲಿಗೆ ತಾಗುವ ಕಲ್ಲಿನ ಚಕ್ಕೆಯನ್ನು. ಅದನ್ನು ಯಾವ ಕಡೆಯಿಂದ ಹೊಡೆದು ಎಬ್ಬಿಸಿದ್ದಾರೆ, ಅಂಚನ್ನು ಹೇಗೆ ಹರಿತ ಮಾಡಿದ್ದಾರೆ ಎಂಬುದನ್ನು ನೋಡಿ ಹೆಸರಿಲ್ಲದ ಬೇಟೆಗಾರರ ಬದುಕು ಬಿಡಿಸುವ ವಿದ್ಯೆ ಅವರದು. 1959ರಲ್ಲಿ ಮಧ್ಯ ಮತ್ತು ದಕ್ಷಿಣ ಭಾರತದ ಶಿಲಾಯುಗದ ಹೊಸ ನೆಲೆಗಳ ಬಗ್ಗೆ ಬರೆದರು. ಗಂಡನೊಡನೆ 1968ರಲ್ಲಿ ಬರೆದ ಭಾರತೀಯ ನಾಗರಿಕತೆಯ ಹುಟ್ಟು ಕುರಿತ ಪುಸ್ತಕ ವಿದ್ಯಾರ್ಥಿಗಳ ಕೈಪಿಡಿಯಾಯಿತು. ಥಾರ್ ಮರುಭೂಮಿಯ ಪ್ರಾಗಿತಿಹಾಸವನ್ನು ಆಂಡ್ರೂ ಗೌಡಿ, ಕರುಣಾಕರ ಹೆಗ್ಡೆ ಅವರೊಡನೆ ಸೇರಿ 1978ರಲ್ಲಿ ಹೊರತಂದರು.

ಬ್ರಿಜೆಟ್ ಚಕ್ಕೆ ಓದಿದರೆ, ರೇಮಂಡ್ ಓದಿದ್ದು ಬೂದಿಯನ್ನು. ಹಂಪಿಯ ಬಳಿ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯನ್ನು ಸುಟ್ಟ ಜಾಗ ಎನ್ನುತ್ತಾರೆ. ಇಂಥದೇ ದಿಬ್ಬವೊಂದನ್ನು ರೇಮಂಡ್ 1957ರಲ್ಲಿ, ಈಗ ತೆಲಂಗಾಣಕ್ಕೆ ಸೇರಿದ ಉಟ್ನೂರಿನಲ್ಲಿ ಅಗೆಸಿದರು. ಒಳಗೆ ಸಿಕ್ಕಿದ್ದು ದನದ ಗೊರಸಿನ ಗುರುತು, ಬೇಲಿ ನೆಟ್ಟ ಗುಳಿ, ಪದರಪದರವಾಗಿ ಸುಟ್ಟ ಸಗಣಿ. ಅದು ನಾಲ್ಕು ಸಾವಿರ ವರ್ಷಕ್ಕೂ ಹಿಂದಿನ ದನದ ದೊಡ್ಡಿ. ಈ ಬೆಂಕಿಗೂ ದನಗಳನ್ನು ಬೆಂಕಿ ಹಾಯಿಸುವ ಇಂದಿನ ಹಬ್ಬಗಳಿಗೂ ನಂಟಿರಬಹುದೆಂದು ಅವರು ಬರೆದರು.

ಈ ಮಾತು ದೊಡ್ಡಆಲಹಳ್ಳಿಯವರಿಗೆ ಬಿಡಿಸಿ ಹೇಳಬೇಕಿಲ್ಲ. ಕನಕಪುರದಿಂದ ಸಂಗಮಕ್ಕೆ ಹೋಗುವ ದಾರಿಯ ಈ ಸೀಮೆಯಲ್ಲಿ ಸಂಕ್ರಾಂತಿ ಸಂಜೆಯೆಂದರೆ ಮೈತೊಳೆದ ದನ, ಬಣ್ಣ ಬಳಿದ ಕೊಂಬು, ಉರಿಯುವ ಹುಲ್ಲು, ಕಿಚ್ಚು ಹಾಯಿಸುವವರ ಕೇಕೆ. ಸುತ್ತಲೂ ಪಿಕಳಿಹಾಳದಂಥವೇ ಗುಡ್ಡಗಳು. ಮಾಗಡಿ ತಾಲ್ಲೂಕಿನ ಸಾವನದುರ್ಗದ ಬುಡದಲ್ಲಿ ಬೃಹತ್ ಶಿಲಾಗೋರಿಗಳಿರುವುದು 19ನೇ ಶತಮಾನದಲ್ಲೇ ದಾಖಲಾಗಿದೆ. ಇನ್ನೊಂದೆಡೆ, ಕನಕಪುರದ ಕಲ್ಲು ಗ್ರಾನೈಟಾಗಿ ದೂರದೂರಕ್ಕೆ ಹೋಗುತ್ತಿದೆ.

ಬ್ರಿಜೆಟ್‌ಗೆ 2014ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಚಿನ್ನದ ಪದಕ ಬಂತು, 2017ರಲ್ಲಿ ತೀರಿಕೊಂಡರು. ಅವರ ಓದಿಗೆ ಬೇಕಾಗಿದ್ದುದು ಚಕ್ಕೆ, ಮತ್ತು ಅದು ಬಿದ್ದಿದ್ದ ಜಾಗ. ಬಂಡೆ ಒಡೆದರೆ ಎರಡೂ ಹೋದವು. ಉಳುವಾಗ ನುಣುಪಾದ ಕಲ್ಲಿನ ಕೊಡಲಿಯೋ ಬಂಡೆಯ ಮೇಲೆ ಎತ್ತಿನ ಚಿತ್ರವೋ ಕಂಡರೆ ಕದಲಿಸಬೇಡಿ. ಜಾಗ ಗುರುತಿಟ್ಟು, ಫೋಟೊ ತೆಗೆದು, ಪುರಾತತ್ತ್ವ ಇಲಾಖೆಗೆ ತಿಳಿಸಿ.