ಎರಡನೇ ತುತ್ತಿನ ಮಾತ್ರೆ

ಡಯಾಲಿಸಿಸ್‌ಗೆ ಹೋಗಿಬರುವ ನಮ್ಮ ದೊಡ್ಡಪ್ಪನ ತಟ್ಟೆಯಲ್ಲಿ ಉಪ್ಪಿನಕಾಯಿ ಇರುತ್ತಿದ್ದ ಜಾಗದಲ್ಲಿ ಈಗ ಒಂದು ದಪ್ಪ ಮಾತ್ರೆ. ಎರಡು ತುತ್ತು ಮುದ್ದೆ ಇಳಿದ ಮೇಲೆ ಅದನ್ನು ನುಂಗಿ, ಮತ್ತೆ ಮುದ್ದೆಗೆ ಕೈ ಹಾಕುತ್ತಾರೆ. ಮೊದಮೊದಲು ಊಟ ಮುಗಿಸಿ, ಒಂದು ನಿದ್ದೆ ತೆಗೆದು, ಉಳಿದ ಮಾತ್ರೆಗಳ ಜೊತೆ ನುಂಗುತ್ತಿದ್ದರು. ಅದೆಲ್ಲ ದಂಡ. ಸೆವೆಲಮರ್ ಎಂಬ ಈ ಮಾತ್ರೆ ರಕ್ತಕ್ಕೆ ಸೇರುವುದೇ ಇಲ್ಲ. ಕರುಳಿನಲ್ಲಿ ಊಟದ ಫಾಸ್ಫೇಟನ್ನು ಹಿಡಿದುಕೊಂಡು ಮಲದೊಂದಿಗೆ ಹೊರಗೆ ಹೋಗುತ್ತದೆ. ಊಟವೇ ಇಲ್ಲದಾಗ ಹಿಡಿಯುವುದೇನನ್ನು?

ಕಿಡ್ನಿ ಸದ್ದಿಲ್ಲದೆ ಮಾಡುತ್ತಿದ್ದ ಕೆಲಸಕ್ಕೆ ಈಗ ಇಷ್ಟು ಪಾಡು. ವಯಸ್ಕರ ಮೈಯಲ್ಲಿ ಸುಮಾರು 700 ಗ್ರಾಂ ರಂಜಕವಿದೆ, ಅದರಲ್ಲಿ ಶೇ 85ರಷ್ಟು ಮೂಳೆ, ಹಲ್ಲುಗಳಲ್ಲಿ. ರಕ್ತದಲ್ಲಿ ಮಾತ್ರ ಡೆಸಿಲೀಟರಿಗೆ 2.5ರಿಂದ 4.5 ಮಿಲಿಗ್ರಾಂ ಇದ್ದರೆ ಸರಿ. ಕಿಡ್ನಿಗಳು ದಿನಕ್ಕೆ 180 ಲೀಟರಿನಷ್ಟು ದ್ರವ ಸೋಸುತ್ತವೆ. ಸೋಸಿದ ಫಾಸ್ಫೇಟಿನಲ್ಲಿ ಶೇ 80–90ರಷ್ಟನ್ನು ಸೂಕ್ಷ್ಮನಾಳದ ಮೊದಲ ತಿರುವಿನಲ್ಲೇ ವಾಪಸ್ ಎಳೆದುಕೊಂಡು, ಉಳಿದದ್ದನ್ನು ಮೂತ್ರಕ್ಕೆ ಬಿಡುತ್ತವೆ. 1669ರಲ್ಲಿ ಹ್ಯಾಂಬರ್ಗಿನ ಹೆನ್ನಿಗ್ ಬ್ರಾಂಡ್ ಚಿನ್ನದಾಸೆಗೆ ಮೂತ್ರ ಕುದಿಸಿ ರಂಜಕ ಕಂಡದ್ದು ಹೀಗೆ ಹೊರಬಿದ್ದ ಪಾಲಿನಿಂದಲೇ.

ಎಷ್ಟು ಬಿಡಬೇಕೆಂದು ಹೇಳುವವರು ಯಾರು? ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿಗಳ ಹಾರ್ಮೋನು ಒಂದು. ಇನ್ನೊಂದು ಎಫ್‌ಜಿಎಫ್-23, ಅದು ಹುಟ್ಟುವುದು ಮೂಳೆಯಲ್ಲಿ! ಒಣ ಕೊರಡು ಎಂದುಕೊಂಡಿದ್ದ ಮೂಳೆ ಕಿಡ್ನಿಗೆ ಹೀಗೆ ಹೇಳಿ ಕಳಿಸುತ್ತದೆ ಎಂಬುದು ಗೊತ್ತಾಗಿ ಇನ್ನೂ ಮೂರು ದಶಕವೂ ಆಗಿಲ್ಲ. ಆ ಸುದ್ದಿ ಕಿಡ್ನಿಗೆ ಮುಟ್ಟಲು ಕ್ಲೋಥೋ ಎಂಬ ಪ್ರೋಟೀನು ಜೊತೆಗಿರಬೇಕು. 1997ರಲ್ಲಿ ಜಪಾನಿನ ಮಕೋಟೊ ಕುರೊ-ಒ ಮತ್ತು ಸಂಗಡಿಗರು ವರದಿ ಮಾಡಿದ, ಇದಿಲ್ಲದ ಇಲಿಗಳು ಎಳೆವಯಸ್ಸಿಗೇ ಮುದಿಯಾಗಿದ್ದವು. ಬಾಳಿನ ನೂಲು ನೂಲುವ ಗ್ರೀಕ್ ದೇವತೆಯ ಹೆಸರು ಅದಕ್ಕೆ ಬಂದದ್ದು ಹಾಗೆ.

ಕಿಡ್ನಿ ಸೊರಗತೊಡಗಿದಾಗ ಮೂಳೆ ಎಫ್‌ಜಿಎಫ್-23 ಸುರಿಯುತ್ತದೆ, ಉಳಿದ ನಾಳಗಳು ದುಪ್ಪಟ್ಟು ದುಡಿಯುತ್ತವೆ. ರಕ್ತಪರೀಕ್ಷೆಯಲ್ಲಿ ಫಾಸ್ಫೇಟು ವರ್ಷಗಟ್ಟಲೆ 'ನಾರ್ಮಲ್'. ನನಗೆ ದಿಗಿಲು ಹುಟ್ಟಿಸುವುದು ಈ ನಾರ್ಮಲ್ಲೇ. ಒಳಗೆ ವಿಟಮಿನ್ ಡಿ ಚುರುಕಾಗುವುದು ತಗ್ಗಿ, ಪ್ಯಾರಾಥೈರಾಯ್ಡ್ ಕೆರಳಿ, ಮೂಳೆ ಕರಗುತ್ತಿರುತ್ತದೆ. ಕೊನೆಗೆ ರಾತ್ರಿಯಿಡೀ ತುರಿಕೆ, ರಕ್ತನಾಳಗಳಲ್ಲಿ ಸುಣ್ಣ.

ನಾಲ್ಕು ಗಂಟೆಯ ಡಯಾಲಿಸಿಸ್ ತೆಗೆಯುವುದು ಒಂದು ಗ್ರಾಮಿನ ಆಸುಪಾಸು, ಅದೂ ವಾರಕ್ಕೆ ಮೂರು ಸಲ. ಊಟದಲ್ಲಿ ದಿನಾ ಹೆಚ್ಚುಕಡಿಮೆ ಅಷ್ಟೇ ಒಳಬರುತ್ತದೆ. ಹಾಗೆಂದು ಬೇಳೆ, ರಾಗಿಯನ್ನೆಲ್ಲ ಬಿಡಿಸುವುದು ನನಗೆ ಸರಿ ಕಾಣುವುದಿಲ್ಲ. ಅವುಗಳ ಫಾಸ್ಫೇಟು ಬಹುಪಾಲು ಫೈಟೇಟ್ ರೂಪದಲ್ಲಿದ್ದು, ಪೂರ್ತಿ ಮೈಗೆ ಹತ್ತುವುದಿಲ್ಲ. ಕಾರ್ಖಾನೆಯ ತಿನಿಸಿಗೆ ಬೆರೆಸಿದ್ದಾದರೆ ಹೆಚ್ಚುಕಡಿಮೆ ಅಷ್ಟೂ ರಕ್ತಕ್ಕೆ. ಎಷ್ಟು ಬೆರೆಸಿದ್ದಾರೆಂದು ಪೊಟ್ಟಣದ ಮೇಲೆ ಸಾಮಾನ್ಯವಾಗಿ ಬರೆದಿರುವುದಿಲ್ಲ, ಸಣ್ಣಕ್ಷರದ ಸಂಖ್ಯೆಯಷ್ಟೇ ಇರುತ್ತದೆ.

ಮೊನ್ನೆ ಮದುವೆಮನೆಯಲ್ಲಿ ಯಾರೋ ದೊಡ್ಡಪ್ಪನ ಕೈಗೆ ಕೋಲಾ ಬಾಟಲಿ ಕೊಟ್ಟರು. ಅವರು ಕನ್ನಡಕ ಏರಿಸಿ, ಬಾಟಲಿ ತಿರುಗಿಸಿ 338 ಹುಡುಕಿದರು. ಅದು ಫಾಸ್ಫಾರಿಕ್ ಆಮ್ಲದ ಸಂಖ್ಯೆ. ಸಿಕ್ಕಿತು. ಬಾಟಲಿಯನ್ನು ನನ್ನತ್ತ ಚಾಚಿ, "ನೀನು ಕುಡಿ, ನಿನ್ನವು ಇನ್ನೂ ಗಟ್ಟಿಯಾಗಿವೆ" ಎಂದರು.