ಪಳ್ಳಿ, ಹಳ್ಳಿ, ಅಳ್ಳಿ

ಕಪಿಲೆಯ ದಡದ ನಂಜನಗೂಡಿನ ಕಡೆಗಾಗಲಿ, ಕಪಿಲೆ ಕಾವೇರಿಯನ್ನು ಕೂಡುವ ತಿರುಮಕೂಡಲು ನರಸೀಪುರದ ಕಡೆಗಾಗಲಿ ಹೋದರೆ, ‘ಅಳ್ಳಿಗೆ ಓಯ್ತೀನಿ’ ಎನ್ನುವ ರೈತರು ಇಂದಿಗೂ ಸಿಗುತ್ತಾರೆ. ಪೇಟೆಯ ಶಾಲೆಯಲ್ಲಿ ಹುಡುಗನೊಬ್ಬನು ಹಾಗೆ ನುಡಿದರೆ ಜೊತೆಯವರು ನಗುವುದುಂಟು. ಭಾಷಾವಿಜ್ಞಾನಿಯು ಅದನ್ನು ಬರೆದುಕೊಳ್ಳುತ್ತಾನೆ. ಹಳೆಯ ಶಾಸನಗಳಲ್ಲಿ ಆ ಶಬ್ದವು ‘ಪಳ್ಳಿ’, ಗ್ರಂಥಭಾಷೆಯಲ್ಲಿ ‘ಹಳ್ಳಿ’, ರೈತನ ಬಾಯಲ್ಲಿ ‘ಅಳ್ಳಿ’. ಸುಮಾರು ಸಾವಿರ ವರ್ಷಗಳ ಹಿಂದೆ ಪಕಾರವು ಹಕಾರವಾಗತೊಡಗಿತು. ಇಲ್ಲಿ ಆ ಹಕಾರವೂ ಜಾರಿಹೋಗಿದೆ.

ಇದಕ್ಕೆ ಆಧಾರಗಳನ್ನು ಹುಡುಕಲು ಹಿಂದೆ ದೊಡ್ಡ ಗ್ರಂಥಾಲಯಗಳಿಗೇ ಹೋಗಬೇಕಾಗಿತ್ತು. ಈಗ ಅಂತರಜಾಲವೂ ನೆರವಿಗಿದೆ. 2004ರಲ್ಲಿ ಆರಂಭವಾದ ಗೂಗಲ್ ಸ್ಕಾಲರ್ ವಿದ್ವತ್ ಲೇಖನಗಳನ್ನು ಹುಡುಕಿಕೊಡುತ್ತದೆ. ಶೋಧಗಂಗಾದಲ್ಲಿ ಭಾರತದ ವಿಶ್ವವಿದ್ಯಾನಿಲಯಗಳ ಸಂಶೋಧನ ಪ್ರಬಂಧಗಳಿವೆ. ಬರೋ ಮತ್ತು ಎಮೆನೋ ರಚಿಸಿದ ದ್ರಾವಿಡ ನಿಷ್ಪತ್ತಿಕೋಶವು ಷಿಕಾಗೊ ವಿಶ್ವವಿದ್ಯಾನಿಲಯದ ಜಾಲತಾಣದಲ್ಲಿ ದೊರೆಯುತ್ತದೆ.

ಆದರೆ ಯಂತ್ರವು ಬಹುಮಟ್ಟಿಗೆ ಅಕ್ಷರಗಳನ್ನು ಹೋಲಿಸಿ ನೋಡುತ್ತದೆ. ‘ಹಳ್ಳಿ’ ಎಂದು ಕೇಳಿದವನಿಗೆ ಅದು ‘ಪಳ್ಳಿ’ಯನ್ನು ತೋರಿಸಬೇಕೆಂದೇನೂ ಇಲ್ಲ. ಹಳೆಯ ಇಂಗ್ಲಿಷ್ ಗ್ರಂಥಗಳು ನಮ್ಮ ಭಾಷೆಯನ್ನು ‘ಕೆನರೀಸ್’ ಎಂದು ಕರೆದಿರುವುದರಿಂದ, ‘ಕನ್ನಡ’ ಎಂದಷ್ಟೇ ಹುಡುಕಿದರೆ ಅವು ಕಣ್ತಪ್ಪಿಹೋಗಬಹುದು. ಶಾಸನಗಳಲ್ಲಿಯೂ ತೊಡಕುಂಟು. ಬಿ. ಎಲ್. ರೈಸ್ 1894ರಲ್ಲಿ ಪ್ರಕಟಿಸಿದ ‘ಎಪಿಗ್ರಾಫಿಯ ಕರ್ನಾಟಿಕ’ದ ಮೂರನೆಯ ಸಂಪುಟದಲ್ಲಿ ಈ ಎರಡು ತಾಲ್ಲೂಕುಗಳೂ ಸೇರಿವೆ. ಮೈಸೂರು ವಿಶ್ವವಿದ್ಯಾನಿಲಯದ ಪರಿಷ್ಕೃತ ಆವೃತ್ತಿಯಲ್ಲಾದರೋ ನಂಜನಗೂಡು ಮೂರನೆಯ ಸಂಪುಟದಲ್ಲಿದೆ (1974), ನರಸೀಪುರ ಐದನೆಯದರಲ್ಲಿದೆ (1976). ಒಂದೇ ಕಲ್ಲಿಗೆ ಎರಡು ಆವೃತ್ತಿಗಳಲ್ಲಿ ಎರಡು ಸಂಖ್ಯೆಗಳಿರಬಹುದು. ಆದುದರಿಂದ ಸಂಖ್ಯೆಯೊಡನೆ ಆವೃತ್ತಿಯನ್ನೂ ಗುರುತು ಹಾಕಿಕೊಳ್ಳಬೇಕು. ಹಾಗೆ ಮಾಡದವನ ಶ್ರಮವು ಮುಂದಿನವನಿಗೆ ಒದಗುವುದಿಲ್ಲ.

ನಗೆಗೆ ಗುರಿಯಾದ ಆ ಆಡುಮಾತಿನ ಮೇಲೆಯೇ ಒಂದು ಗ್ರಂಥವಿದೆ. ಯು. ಪಿ. ಉಪಾಧ್ಯಾಯರು ನಂಜನಗೂಡಿನ ಒಕ್ಕಲಿಗರ ನುಡಿಯನ್ನು ಕುರಿತು ಇಂಗ್ಲಿಷಿನಲ್ಲಿ ಬರೆದ ‘ನಂಜನಗೂಡು ಕನ್ನಡ’ವನ್ನು ಪುಣೆಯ ಡೆಕ್ಕನ್ ಕಾಲೇಜು 1968ರಲ್ಲಿ ಪ್ರಕಟಿಸಿತು. ಇಂತಹ ಒಂದು ಗ್ರಂಥ ಸಿಕ್ಕಿತೆಂದರೆ ದಾರಿ ಎರಡು ಕಡೆಗೂ ತೆರೆದುಕೊಳ್ಳುತ್ತದೆ. ಗ್ರಂಥಕರ್ತನು ಆಧರಿಸಿದ ಹಿಂದಿನ ಬರಹಗಳು ಗ್ರಂಥಸೂಚಿಯಿಂದ ತಿಳಿಯುತ್ತವೆ. ಅನಂತರ ಈ ಗ್ರಂಥವನ್ನು ಉಲ್ಲೇಖಿಸಿದವರ ಬರಹಗಳನ್ನು ಗೂಗಲ್ ಸ್ಕಾಲರ್ ತೋರಿಸುತ್ತದೆ.

ಯಂತ್ರಕ್ಕೆ ಸಿಕ್ಕುವುದು ಯಾರಾದರೂ ಬರೆದಿಟ್ಟದ್ದು ಮಾತ್ರ. ನರಸೀಪುರದ ಗದ್ದೆಬಯಲಿನ ಮುದುಕಿಯೊಬ್ಬಳು ನಾಟಿಯ ಕಾಲದಲ್ಲಿ ಆಡುವ ಮಾತು ಎಲ್ಲಿಯೂ ದಾಖಲಾಗದಿದ್ದರೆ, ಎಷ್ಟು ಹುಡುಕಿದರೂ ಅದು ದೊರೆಯದು. ಆಗ ವಿದ್ಯಾರ್ಥಿಯು ಪುಸ್ತಕ ಹಿಡಿದು ಅವಳ ಬಳಿಗೇ ಹೋಗಬೇಕು. ಅವಳ ಒಪ್ಪಿಗೆ ಪಡೆದು ಮಾತು, ಅದರ ಅರ್ಥ, ಊರು, ದಿನಾಂಕಗಳನ್ನು ಬರೆದುಕೊಳ್ಳಬೇಕು. ಅವಳು ‘ಅಳ್ಳಿ’ ಎಂದರೆ ‘ಅಳ್ಳಿ’ ಎಂದೇ ಬರೆಯಬೇಕು.